ಓದುಗರ ಪ್ರಶ್ನೆಗಳು: ಸಲಿಕೆ ಹಿಡಿದು ಯುದ್ಧ ಕಳೆದವರು

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ರೈಲು ಕಾರ್ಮಿಕರ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಪುಟದ ಟಿಪ್ಪಣಿ ಹಾಕಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಹುಬ್ಬಳ್ಳಿ, ಅರಸೀಕೆರೆ, ಮೈಸೂರು ಕಡೆಯವು. ರೈಲು ಕ್ವಾರ್ಟರ್ಸ್‌ನಲ್ಲಿ ಬೆಳೆದವರ ಪ್ರಶ್ನೆಗಳೆಂದು ಓದಿದ ಕೂಡಲೇ ಗೊತ್ತಾಗುತ್ತದೆ. ಒಂದೇ ಥರದವನ್ನು ಒಟ್ಟುಮಾಡಿ ಉತ್ತರಿಸಿದ್ದೇವೆ.

ಪ್ರಾಯದ ಹುಡುಗರನ್ನೆಲ್ಲ ಸೈನ್ಯಕ್ಕೆ ಕರೆಸಿಕೊಂಡಾಗ ಫೈರ್‌ಮನ್‌ಗಳನ್ನು ಮಾತ್ರ ಯಾಕೆ ಬಿಟ್ಟರು? – ಹುಬ್ಬಳ್ಳಿ

ಉಗಿಬಂಡಿಯ ಬೆಂಕಿಗೆ ಕಲ್ಲಿದ್ದಲು ಹಾಕಿ ಹಬೆ ಏರಿಸುವವನೇ ಫೈರ್‌ಮನ್. ಬಂದೂಕು ಹಿಡಿಯುವುದನ್ನು ಕೆಲವು ತಿಂಗಳಲ್ಲಿ ಕಲಿಸಬಹುದು, ಎಂಜಿನ್ ಉರಿಸುವುದನ್ನು ಕಲಿಸಲು ಆಗುವುದಿಲ್ಲ. 1939ರ ಸೆಪ್ಟೆಂಬರ್ 1ರಂದು ನಾಲ್ಕೂ ದೊಡ್ಡ ರೈಲು ಕಂಪನಿಗಳನ್ನು ಸರ್ಕಾರ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಡ್ರೈವರ್, ಫೈರ್‌ಮನ್, ಸಿಗ್ನಲ್‌ಮನ್ ಕೆಲಸಗಳನ್ನು ‘ಕಾಯ್ದಿಟ್ಟ ಉದ್ಯೋಗ’ ಎಂದು ಘೋಷಿಸಿತು. ಹಾಗೆಂದು ಯಾರೂ ಹೋಗಲಿಲ್ಲ ಎಂದಲ್ಲ, ಬೇರೆ ಬೇರೆ ವಿಭಾಗಗಳಿಂದ ಸುಮಾರು ಒಂದು ಲಕ್ಷ ನೌಕರರು ಸೈನ್ಯ ಸೇರಿದರು. ಉಳಿದವರಿಗೆ ಕೋಟಿನ ಮೇಲೆ ಚುಚ್ಚಿಕೊಳ್ಳಲು ‘ರೈಲ್ವೆ ಸರ್ವಿಸ್’ ಎಂದು ಬರೆದ ಸಣ್ಣ ಎನಾಮಲ್ ಬಿಲ್ಲೆ ಕೊಟ್ಟರು. ಯೂನಿಫಾರ್ಮ್ ಇಲ್ಲದ ಗಟ್ಟಿಮುಟ್ಟು ಹುಡುಗ ಬೀದಿಯಲ್ಲಿ ಕಂಡರೆ ಜನ ಆಡಿಕೊಳ್ಳುತ್ತಿದ್ದ ಕಾಲ ಅದು.

ಈ ಹುಡುಗರು ಕೂಲಿಕಾರರ ಮನೆಯವರು. ಅಪ್ಪನೋ ಚಿಕ್ಕಪ್ಪನೋ ಆಗಲೇ ಶೆಡ್‌ನಲ್ಲಿ ಇರುತ್ತಿದ್ದರು. ಹದಿನೈದು ಹದಿನಾರಕ್ಕೆ ಕ್ಲೀನರ್ ಆಗಿ ಸೇರಿ, ಎಣ್ಣೆಬಟ್ಟೆ ಹಿಡಿದು ಚಕ್ರ, ರಾಡು, ಅಡಿಗಟ್ಟು ಒರೆಸಬೇಕು. ಒರೆಸುತ್ತ ಒರೆಸುತ್ತಲೇ ಯಾವ ಭಾಗ ಎಲ್ಲಿದೆ, ಏನು ಮಾಡುತ್ತದೆ ಎಂಬುದು ಕೈಗೆ ಬರುತ್ತದೆ. ಆಮೇಲೆ ಇನ್‌ಸ್ಪೆಕ್ಟರ್ ಮುಂದೆ ಪರೀಕ್ಷೆ. ಪಾಸಾದರೆ ‘ಪಾಸ್ಡ್ ಕ್ಲೀನರ್’: ಫೈರ್‌ಮನ್ ಬಾರದ ದಿನ ಎಂಜಿನ್ ಹತ್ತುವ ಹಕ್ಕು. ನಂತರ ಫೈರ್‌ಮನ್, ಪಾಸ್ಡ್ ಫೈರ್‌ಮನ್, ಕೊನೆಗೆ ಡ್ರೈವರ್. ಬಡ್ತಿ ಪೂರಾ ಸೀನಿಯಾರಿಟಿ ಮೇಲೆ. ವಾಲ್ವ್ ಗೇರ್, ಬ್ರೇಕ್, ರೂಲ್ ಬುಕ್ ಇವನ್ನೆಲ್ಲ ಕಂಪನಿ ಹೇಳಿಕೊಡುತ್ತಿರಲಿಲ್ಲ. ಹಳಬರು ಭಾನುವಾರ ಶೆಡ್ ಪಕ್ಕದ ಕೋಣೆಯಲ್ಲಿ ತಾವೇ ನಡೆಸುತ್ತಿದ್ದ ತರಗತಿಗೆ ಹೋಗಿ ಕಲಿಯಬೇಕು. ಹೋಗದವನು ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿದ್ದ. ನಮ್ಮ ದೃಷ್ಟಿಯಲ್ಲಿ ಆ ರೈಲ್ವೆಗಳ ನಿಜವಾದ ಕಾಲೇಜು ಅದೇ.

ಒಂದು ಪ್ರಯಾಣಕ್ಕೆ ಫೈರ್‌ಮನ್ ಎಷ್ಟು ಕಲ್ಲಿದ್ದಲು ಎತ್ತುತ್ತಿದ್ದ? ಸುಮ್ಮನೆ ಎಸೆದರೆ ಸಾಲದೇ? – ದಾವಣಗೆರೆ

ಬ್ರಿಟನ್ನಿನ ಮಧ್ಯಮ ಗಾತ್ರದ ಎಂಜಿನ್ ಭಾರದ ಗಾಡಿ ಎಳೆಯುವಾಗ ಮೈಲಿಗೆ ಸುಮಾರು 45 ಪೌಂಡ್, ಅಂದರೆ 20 ಕಿಲೋ ಕಲ್ಲಿದ್ದಲು ತಿನ್ನುತ್ತದೆ. ನೂರು ಮೈಲಿಗೆ ಎರಡು ಟನ್. ಸಲಿಕೆಗೆ 12 ಪೌಂಡ್ ಹಿಡಿದರೆ 375 ಸಲಿಕೆ. ಓಲಾಡುವ ಉಕ್ಕಿನ ಹಲಗೆಯ ಮೇಲೆ ನಿಂತು, ಹಿಂದೆ ಟೆಂಡರ್‌ನಿಂದ (ಕಲ್ಲಿದ್ದಲು, ನೀರು ತುಂಬಿದ ಬಂಡಿಯಿಂದ) ಬಾಚಿ, ಅರ್ಧ ಸುತ್ತು ತಿರುಗಿ, ಎರಡು ಗೇಣಗಲದ ಬಾಗಿಲಿಗೆ ಗುರಿಯಿಟ್ಟು ಹಾಕಬೇಕು. ನಮ್ಮಲ್ಲಿ ದೊಡ್ಡ ಎಂಜಿನ್‌ಗಳಿಗೆ ಡ್ರೈವರ್ ಜೊತೆ ಇಬ್ಬರು ಫೈರ್‌ಮನ್‌ಗಳು ಇರುತ್ತಿದ್ದರು. ಅಲ್ಲಿ ಒಬ್ಬನೇ.

ಸುಮ್ಮನೆ ಎಸೆದರೆ ಸಾಲದು. ಡ್ಯೂಟಿಗೆ ಬಂದವನು ಮೊದಲು ನೋಡಬೇಕಾದ್ದು ಬೆಂಕಿಯನ್ನಲ್ಲ, ಬಾಯ್ಲರ್‌ನ ನೀರಿನ ಮಟ್ಟ ತೋರಿಸುವ ಗಾಜಿನ ಗೇಜನ್ನು. ಕೆಳಗಿನ ಕೊಳಾಯಿ ಬಿಟ್ಟು ಗಾಜಿನಲ್ಲಿರುವ ನೀರು ಹರಿಸಿ, ಮುಚ್ಚಿದ ಮೇಲೆ ಅದು ತಟ್ಟನೆ ಮತ್ತೆ ಏರುತ್ತದೋ ಎಂದು ಪರೀಕ್ಷಿಸಬೇಕು. ಆಮೇಲೆ ಫೈರ್‌ಬಾಕ್ಸ್‌ಗೆ, ಅಂದರೆ ಬೆಂಕಿಗೂಡಿಗೆ, ಇಣುಕಿ ಮೇಲ್ಛಾವಣಿಯಲ್ಲಿ ನೀರು ಇಳಿದರೆ ಕರಗಿ ಎಚ್ಚರಿಸುವ ಸೀಸದ ಪ್ಲಗ್ಗು, ಟ್ಯೂಬುಗಳ ತುದಿ, ಒಳಗಿನ ಇಟ್ಟಿಗೆಯ ಕಮಾನು ನೋಡಬೇಕು. ಆಮೇಲೆ ಮುಂದೆ ಹೋಗಿ ಚಿಮಣಿಯ ಕೆಳಗಿನ ಹೊಗೆಗೂಡಿನ (ಸ್ಮೋಕ್‌ಬಾಕ್ಸ್) ಬಾಗಿಲು ಬಿಗಿಯಾಗಿದೆಯೇ ಎಂಬುದು. ಅಲ್ಲಿ ಒಂದು ಕೂದಲೆಳೆಯಷ್ಟು ಸಂದಿದ್ದರೂ ಹೊರಗಾಳಿ ನುಗ್ಗಿ ಸೆಳೆತ ಕೆಡುತ್ತದೆ, ಏನು ಮಾಡಿದರೂ ಹಬೆ ಏರುವುದಿಲ್ಲ. ದಾರಿಯುದ್ದಕ್ಕೂ ಫೈರ್‌ಮನ್‌ನನ್ನು ಬೈಯುತ್ತಾರೆ, ತಪ್ಪು ಬಾಗಿಲಿನದು.

ಗಾಡಿ ಓಡುವಾಗ ಸೂತ್ರ ಒಂದೇ: ಸ್ವಲ್ಪ ಸ್ವಲ್ಪ, ಪದೇ ಪದೇ. ಒಂದು ಸರದಿಗೆ ಆರೆಂಟು ಸಲಿಕೆ. ಹಿಂದಿನ ಎರಡು ಮೂಲೆಗೆ ಒಂದೊಂದು, ಎರಡೂ ಪಕ್ಕಕ್ಕೆ ಒಂದೊಂದು, ಮುಂದಕ್ಕೆ ಒಂದು ಚದುರಿಸಿ, ಬಾಗಿಲ ಕೆಳಗೆ ಒಂದು. ಹಿಂದೆ ದಪ್ಪ, ಮುಂದೆ ತೆಳು, ಹಾಸು ಇಳಿಜಾರಾಗಿರಬೇಕು. ಆಮೇಲೆ ತಲೆಯೆತ್ತಿ ಚಿಮಣಿ ನೋಡಬೇಕು. ಹಾಕಿದ ಕೂಡಲೇ ತೆಳುಬೂದು ಹೊಗೆ ಬಂದು ಅರ್ಧ ನಿಮಿಷದಲ್ಲಿ ತಿಳಿಯಾದರೆ ಸರಿ, ಆಗ ಮುಂದಿನ ಸರದಿ. ಕಪ್ಪು ಹೊಗೆ ನಿಲ್ಲದಿದ್ದರೆ ಕಲ್ಲಿದ್ದಲು ಹೆಚ್ಚು, ಗಾಳಿ ಕಡಿಮೆ. ಹಾಕಿದರೂ ಹೊಗೆಯೇ ಕಾಣದೆ ಒತ್ತಡ ಇಳಿಯುತ್ತಿದ್ದರೆ ಎಲ್ಲೋ ಹಾಸಿನಲ್ಲಿ ತೂತು ಬಿದ್ದು ತಣ್ಣನೆ ಗಾಳಿ ಒಳಬರುತ್ತಿದೆ.

ಯುದ್ಧಕಾಲದಲ್ಲಿ ಕೆಟ್ಟದ್ದು ಕಲ್ಲಿದ್ದಲೇ. ಒಳ್ಳೆಯದು ಬೇರೆ ಕಡೆ ಹೋಯಿತು, ರೈಲಿಗೆ ಪುಡಿ, ಕಲ್ಲು, ಬೂದಿ ಹೆಚ್ಚಿರುವ ಮಾಲು ಬಂತು. ಅಂಥದ್ದರ ಬೂದಿ ಕರಗಿ ಬೆಂಕಿಯ ಕೆಳಗಿನ ಜಾಲರಿಯ ಕಂಬಿಗಳ ಮೇಲೆ ಗಾಜಿನ ಹಪ್ಪಳದಂತೆ ಕಿಟ್ಟ ಕಟ್ಟುತ್ತದೆ. ಕೆಳಗಿನ ಗಾಳಿ ನಿಂತಿತೆಂದರೆ ಬೆಂಕಿ ಸತ್ತಂತೆಯೇ. ಆಗ ಹತ್ತಡಿ ಉದ್ದದ ಕಬ್ಬಿಣದ ಕೊಕ್ಕೆ ಹಾಕಿ ಎಬ್ಬಿಸಬೇಕು. ಹೊರಗೆ ತೆಗೆಯುವಾಗ ಅದರ ಅರ್ಧ ಕೆಂಪಗೆ ಕಾದಿರುತ್ತದೆ. ತಿಳಿದವರು ಹೊರಡುವ ಮೊದಲೇ ಕಂಬಿಗಳ ಮೇಲೆ ಸುಣ್ಣಕಲ್ಲಿನ ಚೂರೋ ಒಡೆದ ಇಟ್ಟಿಗೆಯೋ ಹರವುತ್ತಿದ್ದರು. ಕಿಟ್ಟ ಕಂಬಿಗೆ ಅಂಟುತ್ತಿರಲಿಲ್ಲ. ಬೂದಿ ಹೆಚ್ಚಿನ ಕಲ್ಲಿದ್ದಲು ಉರಿಸಿದ ನಮ್ಮ ಹಳೆಯ ಫೈರ್‌ಮನ್‌ಗಳಿಗೆ ಈ ಪಾಡು ಹೇಳಿಕೊಡಬೇಕಾಗಿಲ್ಲ.

ಬ್ಲ್ಯಾಕ್‌ಔಟ್ ಎಂದರೆ ದೀಪ ಆರಿಸುವುದು ಸರಿ. ಉಗಿಬಂಡಿಯ ಬೆಂಕಿಯನ್ನು ಆರಿಸಲು ಆಗುತ್ತದೆಯೇ? – ಅರಸೀಕೆರೆ

ಆಗುವುದಿಲ್ಲ, ಆದ್ದರಿಂದ ಮುಚ್ಚಿದರು. ಕ್ಯಾಬಿನ ಸೂರಿನಿಂದ ಟೆಂಡರ್‌ವರೆಗೆ ದಪ್ಪ ಟಾರ್ಪಾಲು ಎಳೆದು ಕಟ್ಟಿದರು, ಪಕ್ಕದ ಕಿಟಕಿಗಳಿಗೆ ತಗಡು ಬಡಿದರು. ಬಾಗಿಲು ತೆರೆದಾಗ ಬೆಳಕು ಮೇಲಕ್ಕೆ ಹೋಗಿ ಹೊಗೆಯ ಕೆಳಹೊಟ್ಟೆಗೆ ಬಡಿದರೆ ಮೈಲಿಗಟ್ಟಲೆ ದೂರದ ವಿಮಾನಕ್ಕೂ ಕಾಣುತ್ತದೆ, ಅದಕ್ಕೆ. ಒಳಗಿದ್ದ ಇಬ್ಬರ ಗತಿ ನೀವೇ ಊಹಿಸಿ: ಬೇಸಿಗೆಯಲ್ಲೂ ಸುತ್ತ ಮುಚ್ಚಿದ ಗೂಡು, ಎದುರಿಗೆ ಬೆಂಕಿ, ಒಳಗೇ ಸುತ್ತುವ ಹೊಗೆ.

ದಾರಿ ಕಾಣದಿದ್ದರೆ ಗಾಡಿ ಓಡಿಸುವುದು ಹೇಗೆ? ಕಿವಿಯಿಂದ. ಸೇತುವೆಯ ಕೆಳಗೆ ಸದ್ದು ಬದಲಾಗುತ್ತದೆ, ಹಳಿ ಬದಲಿಸುವ ಪಾಯಿಂಟ್ಸ್ ಮೇಲೆ ಚಕ್ರದ ತಾಳ ತಪ್ಪುತ್ತದೆ, ಗ್ಯಾಸ್ ಕಾರ್ಖಾನೆಯಿದ್ದ ಊರು ಮೂಗಿಗೇ ಗೊತ್ತಾಗುತ್ತದೆ. ಕೈಯಂಥ ಪಟ್ಟಿಯ ಸೆಮಾಫೋರ್ ಸಿಗ್ನಲ್ಲಿನ ಎಣ್ಣೆ ದೀಪ ಮೊದಲೇ ಮಂಕು. ವಿದ್ಯುತ್ ಸಿಗ್ನಲ್‌ಗಳಿಗೆ ಉದ್ದನೆಯ ಮುಸುಕು ಹಾಕಿದ್ದರು. ಶತ್ರು ಇಳಿದರೆ ಊರು ಗೊತ್ತಾಗಬಾರದೆಂದು 1940ರಲ್ಲಿ ಸ್ಟೇಷನ್ನಿನ ಹೆಸರು ಹಲಗೆಗಳನ್ನೂ ಕಿತ್ತರು. ಊರು ಯಾವುದೆಂದು ಪೋರ್ಟರ್ ಕೂಗಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕತ್ತಲಲ್ಲಿ ಪ್ಲಾಟ್‌ಫಾರ್ಮ್ ಇಲ್ಲದ ಕಡೆಗೆ ಇಳಿದು ಕಾಲು ಮುರಿದುಕೊಂಡ ಪ್ರಯಾಣಿಕರು ಎಷ್ಟೋ.

ಇನ್ನೊಂದು ಕಷ್ಟ ನೀರಿನ ತೊಟ್ಟಿಯದು. ಅಲ್ಲಿ ಎರಡು ಹಳಿಗಳ ನಡುವೆ ಉದ್ದನೆಯ ತೊಟ್ಟಿ ಇಟ್ಟು, ಓಡುವ ಗಾಡಿಯಿಂದಲೇ ಸೌಟು ಇಳಿಸಿ ಟೆಂಡರ್‌ಗೆ ನೀರು ಎತ್ತುತ್ತಿದ್ದರು. ಸೌಟು ಇಳಿಸಿ ಏರಿಸುವುದು ಫೈರ್‌ಮನ್ ಕೆಲಸ. ಹಗಲಲ್ಲಿ ಪಕ್ಕದ ಗುರುತು ಕಂಬ ನೋಡಿ ಇಳಿಸಬಹುದು. ಕತ್ತಲಲ್ಲಿ ತಡಮಾಡಿದರೆ ನೀರು ಅರ್ಧಂಬರ್ಧ, ಏರಿಸಲು ತಡವಾದರೆ ಟೆಂಡರ್ ತುಂಬಿ ಹೊರಚೆಲ್ಲಿ ಹಿಂದಿನ ಬೋಗಿಯೊಳಗೆ ಮಳೆ.

ಸಿಗ್ನಲ್ ಬಳಿ ಗಾಡಿ ನಿಂತುಬಿಟ್ಟರೆ ‘ರೂಲ್ 55’ ಎಂಬ ನಿಯಮವಿತ್ತು. ಫೈರ್‌ಮನ್ ಇಳಿದು ಸಿಗ್ನಲ್ ಪೆಟ್ಟಿಗೆಗೆ, ಅಂದರೆ ಸಿಗ್ನಲ್‌ಮನ್ ಇರುವ ಕ್ಯಾಬಿನ್‌ಗೆ, ನಡೆದು ಹೋಗಿ, ‘ನಮ್ಮ ಗಾಡಿ ಇಲ್ಲೇ ನಿಂತಿದೆ’ ಎಂದು ನೆನಪಿಸಿ, ರಿಜಿಸ್ಟರ್‌ಗೆ ಸಹಿ ಹಾಕಿ, ಸಿಗ್ನಲ್ ಲಿವರ್ ಎಳೆಯಲಾಗದಂತೆ ಅದಕ್ಕೆ ತಡೆ ಬಳೆ ತೊಡಿಸಿದ್ದಾರೋ ಎಂದು ಕಣ್ಣಾರೆ ನೋಡಿ ಬರಬೇಕು. ಕೊನೆಯದನ್ನು ಬಿಟ್ಟರೆ ಏನಾಗುತ್ತದೆ ಎಂಬುದು ಮೊದಲ ಮಹಾಯುದ್ಧದಲ್ಲೇ ಗೊತ್ತಾಗಿತ್ತು. 1915ರ ಮೇ 22ರಂದು ಸ್ಕಾಟ್ಲೆಂಡಿನ ಕ್ವಿಂಟಿನ್ಸ್‌ಹಿಲ್‌ನಲ್ಲಿ ನಿಂತಿದ್ದ ಲೋಕಲ್ ಗಾಡಿಯನ್ನು ಸಿಗ್ನಲ್‌ಮನ್ ಮರೆತ. ಫೈರ್‌ಮನ್ ಪೆಟ್ಟಿಗೆಗೆ ಹೋಗಿ ಸಹಿ ಹಾಕಿದ್ದ, ಬಳೆ ಮಾತ್ರ ನೋಡಿರಲಿಲ್ಲ. ಸೈನಿಕರ ಗಾಡಿ ಬಂದು ಗುದ್ದಿತು, ಅದರ ಮೇಲೆ ಇನ್ನೊಂದು ಎಕ್ಸ್‌ಪ್ರೆಸ್. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬ್ರಿಟನ್ನಿನ ರೈಲು ಚರಿತ್ರೆಯಲ್ಲಿ ಅಷ್ಟು ಜನ ಸತ್ತ ಅಪಘಾತ ಬೇರೊಂದಿಲ್ಲ.

ಅಮೆರಿಕದಿಂದ ಬಂದ ಎಂಜಿನ್‌ಗಳ ಬಾಯ್ಲರ್ ಕುಸಿದಿತ್ತಂತೆ. ಮಾಲು ಕಳಪೆಯಾಗಿತ್ತೇ? – ಮೈಸೂರು

ಕಳಪೆ ಎನ್ನುವುದು ಅನ್ಯಾಯ. ಯುರೋಪಿಗೆ ಸೈನ್ಯ ಇಳಿಸುವ ಮೊದಲು ‘ಎಸ್ 160’ ಜಾತಿಯ ಸುಮಾರು 400 ಎಂಜಿನ್‌ಗಳನ್ನು ಅಮೆರಿಕ ಬ್ರಿಟನ್ನಿನ ಕಂಪನಿಗಳಿಗೆ ತಾತ್ಕಾಲಿಕವಾಗಿ ಕೊಟ್ಟಿತ್ತು. ಬೇಗ ಕಟ್ಟಿದ, ಒರಟಾದ, ಆದರೆ ದುಡಿಯುವ ಎಂಜಿನ್. ತೊಂದರೆ ಇದ್ದದ್ದು ನೀರಿನ ಗೇಜಿನಲ್ಲಿ.

ಗೇಜಿನ ಗಾಜಿಗೆ ಎರಡು ತುದಿ: ಮೇಲಿನದು ಹಬೆಗೆ, ಕೆಳಗಿನದು ನೀರಿಗೆ. ಎರಡೂ ಪೂರ್ತಿ ತೆರೆದಿದ್ದರೆ ಮಾತ್ರ ಗಾಜಿನ ಮಟ್ಟ ಬಾಯ್ಲರ್ ಮಟ್ಟಕ್ಕೆ ಸಮ. ಮೇಲಿನದು ಮುಚ್ಚಿದ್ದರೆ ಅಥವಾ ಕಾಲುಭಾಗ ಮಾತ್ರ ತೆರೆದಿದ್ದರೆ ಗಾಜಿನೊಳಗಿನ ಹಬೆ ತಣಿದು ನೀರಾಗುತ್ತದೆ, ಅದರ ಜಾಗಕ್ಕೆ ಹೊಸ ಹಬೆ ಬರುವುದಿಲ್ಲ, ಕೆಳಗಿನಿಂದ ನೀರು ತಳ್ಳಿಕೊಂಡು ಏರುತ್ತದೆ. ಬಾಯ್ಲರ್ ಬರಿದಾಗುತ್ತಿದ್ದರೂ ಗಾಜು ತುಂಬಿದಂತೆ ಕಾಣುತ್ತದೆ. ಬ್ರಿಟಿಷ್ ಎಂಜಿನ್‌ಗಳಲ್ಲಿ ಈ ಕೊಳಾಯಿಗಳಿಗೆ ಹಿಡಿಕೆ ಇರುತ್ತಿತ್ತು, ಹಿಡಿಕೆ ನಿಂತ ದಿಕ್ಕು ನೋಡಿದರೆ ತೆರೆದಿದೆಯೋ ಮುಚ್ಚಿದೆಯೋ ಗೊತ್ತು. ಎಸ್ 160ರಲ್ಲಿ ಇದ್ದದ್ದು ತಿರುಗಿಸುವ ದುಂಡು ವಾಲ್ವ್. ಅದನ್ನು ನೋಡಿ ಏನೂ ಹೇಳಲಾಗದು, ಕೈಯಿಟ್ಟು ತಿರುಗಿಸಿಯೇ ತಿಳಿಯಬೇಕು. ಅಲ್ಲಿನವರಿಗೆ ಆ ಅಭ್ಯಾಸವಿರಲಿಲ್ಲ.

1943ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಹನಿಬೋರ್ನ್ ಎಂಬಲ್ಲಿ ಹೀಗೇ ಆಯಿತು. ಫೈರ್‌ಬಾಕ್ಸ್ ಸೂರಿನ ಮೇಲೆ ಸದಾ ನೀರು ನಿಂತಿರಬೇಕು, ಆ ನೀರೇ ಉಕ್ಕನ್ನು ತಣ್ಣಗಿಡುವುದು. ನೀರು ಇಳಿದು ಸೂರು ಬರಿದಾದರೆ ಉಕ್ಕು ಕೆಂಪಾಗಿ ಮೆತ್ತಗಾಗುತ್ತದೆ. ಮೇಲಿನಿಂದ ಚದರ ಅಂಗುಲಕ್ಕೆ 225 ಪೌಂಡ್ ಒತ್ತಡ. ಸೂರು ಆಧಾರದ ಬೋಲ್ಟುಗಳಿಂದ ಕಿತ್ತುಕೊಂಡು ಒಳಕ್ಕೆ ಕುಸಿಯುತ್ತದೆ, ಹಬೆಯೂ ಬೆಂಕಿಯೂ ಸಲಿಕೆ ಹಾಕುವ ಬಾಗಿಲಿನಿಂದಲೇ ಹೊರನುಗ್ಗುತ್ತವೆ. ಮುಂದೆಯೂ ಇಂಥವು ಆದವು. ಪಾಠ ಸಣ್ಣದು, ಮೇಲೆ ಹೇಳಿದ್ದೇ: ಬೆಂಕಿ ನೋಡುವ ಮೊದಲು ಗೇಜು ಹರಿಸಿ ನೋಡು.

ನಮ್ಮಲ್ಲಿಗೂ ಇಂಥವು ಬಂದವೇ ಎಂಬ ನಿಮ್ಮ ಪತ್ರದ ಎರಡನೇ ಪ್ರಶ್ನೆಗೆ: ಹೌದು, ಅದೇ ಯುದ್ಧದಲ್ಲಿ ನಮ್ಮ ದೇಶಕ್ಕೂ ಅಮೆರಿಕದ ಎಂಜಿನ್ ಬಂದವು. ಬ್ರಾಡ್‌ಗೇಜ್‌ಗೆ ಎಡಬ್ಲ್ಯುಡಿ ಎಂಬ ಜಾತಿ, ಮೀಟರ್‌ಗೇಜ್‌ಗೆ ಎಂಎಡಬ್ಲ್ಯುಡಿ. ಕೆನಡಾದಿಂದ ಬಂದದ್ದು ಸಿಡಬ್ಲ್ಯುಡಿ.

ಸೋಹಮ್ ಘಟನೆಯಲ್ಲಿ ಎಂಜಿನ್ ಬಿಚ್ಚಿಕೊಂಡು ಓಡಿಹೋಗಬಹುದಿತ್ತಲ್ಲ? – ಬೆಳಗಾವಿ

ಟಿಪ್ಪಣಿ ಓದದವರಿಗಾಗಿ: 1944ರ ಜೂನ್ 2ರ ನಡುರಾತ್ರಿ ಕಳೆದ ಮೇಲೆ, ಇಂಗ್ಲೆಂಡಿನ ಸೋಹಮ್ ಎಂಬ ಸಣ್ಣ ಊರಿನ ಸ್ಟೇಷನ್ ಸಮೀಪಿಸುತ್ತಿದ್ದ 51 ವ್ಯಾಗನ್ನಿನ ಬಾಂಬು ಗಾಡಿಯ ಮೊದಲ ವ್ಯಾಗನ್ನಿಗೆ ಬೆಂಕಿ ಹತ್ತಿತು. ಡ್ರೈವರ್ ಬೆಂಜಮಿನ್ ಗಿಂಬರ್ಟ್, ಫೈರ್‌ಮನ್ ಜೇಮ್ಸ್ ನೈಟಾಲ್, ವಯಸ್ಸು 22.

ಓಡಿಹೋಗಬಹುದಿತ್ತು. ಆದರೆ ಉರಿಯುವ ವ್ಯಾಗನ್ ಇನ್ನೈವತ್ತರ ಮೂತಿಗೆ ತಗುಲಿಕೊಂಡೇ ಉಳಿಯುತ್ತಿತ್ತು, ಪಕ್ಕದಲ್ಲಿ ಇಡೀ ಊರು ಮಲಗಿತ್ತು. ಅವರು ಮಾಡಿದ್ದನ್ನು ಕೆಲಸದ ಲೆಕ್ಕದಲ್ಲೇ ನೋಡಿ. ಗಿಂಬರ್ಟ್ ಶಿಳ್ಳೆ ಹೊಡೆದು ಹಿಂದಿನ ಗಾರ್ಡ್‌ಗೆ ಎಚ್ಚರಿಕೆ ಕೊಟ್ಟ. ಬ್ರೇಕನ್ನು ಜಗ್ಗದೆ ಮೆಲ್ಲಗೆ ಹಾಕಿದ. ಗೂಡ್ಸ್ ಗಾಡಿಯ ಕೊಂಡಿಗಳು ಸಡಿಲ, ತಟ್ಟನೆ ನಿಲ್ಲಿಸಿದರೆ ವ್ಯಾಗನ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಬಾಂಬು ತುಂಬಿದಾಗ ಅದು ಬೇಡ. ನಿಂತ ಮೇಲೆ ನೈಟಾಲ್‌ಗೆ, ಕೊಂಡಿ ಕಾದಿರಬಹುದು, ಕಲ್ಲಿದ್ದಲು ಒಡೆಯುವ ಸುತ್ತಿಗೆ ತೆಗೆದುಕೊಂಡು ಹೋಗು ಎಂದ. ನೈಟಾಲ್ ಇಳಿದು ಹೋಗಿ ಉರಿಯುವ ವ್ಯಾಗನ್ನಿನ ಹಿಂದಿನ ಕೊಂಡಿ, ಅಂದರೆ ಒಂದನೆಯದಕ್ಕೂ ಎರಡನೆಯದಕ್ಕೂ ನಡುವಿನದು, ಬಿಚ್ಚಿ ಮರಳಿ ಎಂಜಿನ್ ಹತ್ತಿದ. ಈ ಮರಳಿ ಹತ್ತಿದ್ದನ್ನು ಗಮನಿಸಿ. ನೆಲದ ಮೇಲೆ ನಿಂತಿದ್ದವನು ಹಾಗೇ ಓಡಬಹುದಿತ್ತು.

ಎಂಜಿನ್ ಮತ್ತು ಉರಿಯುವ ಒಂದೇ ವ್ಯಾಗನ್, ಊರಾಚೆ ಬಯಲಿಗೆ ಎಳೆದುಬಿಡುವ ಯೋಚನೆ. ಎದುರಿನಿಂದ ಮೇಲ್ ಗಾಡಿ ಬರುವುದಿತ್ತು, ಅದನ್ನು ನಿಲ್ಲಿಸಲು ಸಿಗ್ನಲ್‌ಮನ್ ಫ್ರಾಂಕ್ ಬ್ರಿಜಸ್‌ನನ್ನು ಗಿಂಬರ್ಟ್ ಕೂಗಿ ಕೇಳುತ್ತಿದ್ದ. ಸುಮಾರು 140 ಗಜ ಬಂದಿದ್ದರು, 1 ಗಂಟೆ 43 ನಿಮಿಷಕ್ಕೆ ಸಿಡಿಯಿತು. ಆ ವ್ಯಾಗನ್ನಿನಲ್ಲಿ ತಲಾ 500 ಪೌಂಡಿನ 44 ಬಾಂಬುಗಳಿದ್ದವು. ಹಳಿಯಿದ್ದ ಜಾಗದಲ್ಲಿ 66 ಅಡಿ ಅಗಲ, 15 ಅಡಿ ಆಳದ ಗುಂಡಿ. ನೈಟಾಲ್ ಅಲ್ಲೇ ಸತ್ತ, ಬ್ರಿಜಸ್ ಮರುದಿನ. ಗಿಂಬರ್ಟ್ ದೂರ ಎಸೆಯಲ್ಪಟ್ಟು ಬದುಕಿದ. ಹಿಂದೆ ಬಿಟ್ಟ 50 ವ್ಯಾಗನ್ನುಗಳಲ್ಲಿ ಒಂದೂ ಸಿಡಿಯಲಿಲ್ಲ. ಗುಂಡಿ ಮುಚ್ಚಿ ಹಳಿ ಹಾಕಿ ಅದೇ ದಿನ ಸಂಜೆಗೆ ಗಾಡಿ ಓಡಿಸಿದರು. ಫ್ರಾನ್ಸಿನಲ್ಲಿ ಸೈನ್ಯ ಇಳಿಯಲು ನಾಲ್ಕೇ ದಿನ ಉಳಿದಿತ್ತು. ಗಿಂಬರ್ಟ್ ಮತ್ತು ನೈಟಾಲ್ ಇಬ್ಬರಿಗೂ ಬ್ರಿಟನ್ನಿನ ಶೌರ್ಯ ಪದಕವಾದ ಜಾರ್ಜ್ ಕ್ರಾಸ್ ಬಂತು.

ಹೆಂಗಸರೂ ಎಂಜಿನ್ ಓಡಿಸಿದರೇ? – ಶಿವಮೊಗ್ಗ

ಇಲ್ಲ. ಯುದ್ಧದ ನಡುವೆ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರು ಬ್ರಿಟನ್ನಿನ ರೈಲ್ವೆಯಲ್ಲಿದ್ದರು: ಪೋರ್ಟರ್, ಟಿಕೆಟ್ ಕಲೆಕ್ಟರ್, ಗಾರ್ಡ್, ಸಿಗ್ನಲ್, ವರ್ಕ್‌ಶಾಪ್, ಎಂಜಿನ್ ಒರೆಸುವುದು ಕೂಡ. ಸಲಿಕೆ ಮತ್ತು ರೆಗ್ಯುಲೇಟರ್ (ಡ್ರೈವರ್ ಹಬೆ ಬಿಡುವ ಹಿಡಿಕೆ) ಮಾತ್ರ ಅವರ ಕೈಗೆ ಕೊಡಲಿಲ್ಲ. ಎಂಜಿನ್ ಒರೆಸಿದವಳು ಮುಂದಿನ ಮೆಟ್ಟಿಲು ಹತ್ತುವಂತಿಲ್ಲ ಎನ್ನುವುದಕ್ಕೆ ಸರಿಯಾದ ಕಾರಣ ನಮಗಂತೂ ಕಾಣುವುದಿಲ್ಲ.

ಸೈನ್ಯ ಸೇರಿದ ರೈಲಿನವರು ಏನು ಮಾಡಿದರು? – ಬೆಂಗಳೂರು

ಬಹಳ ಮಂದಿ ಬ್ರಿಟಿಷ್ ಸೈನ್ಯದ ಎಂಜಿನಿಯರ್ ಪಡೆಯಾದ ರಾಯಲ್ ಎಂಜಿನಿಯರ್ಸ್‌ನ ರೈಲ್ವೆ ತುಕಡಿಗಳಿಗೆ ಹೋದರು. ಹ್ಯಾಂಪ್‌ಶೈರ್‌ನ ಲಾಂಗ್‌ಮೂರ್‌ನಲ್ಲಿ ಸೈನ್ಯದ್ದೇ ಒಂದು ತರಬೇತಿ ರೈಲುಮಾರ್ಗವಿತ್ತು. ಕಷ್ಟದ ಜಾಗ ಇರಾನ್. 1941ರಲ್ಲಿ ಬ್ರಿಟನ್, ರಷ್ಯಾ ಇರಾನಿಗೆ ನುಗ್ಗಿದ ಮೇಲೆ, ಪರ್ಶಿಯಾ ಕೊಲ್ಲಿಯಿಂದ ರಷ್ಯಾಕ್ಕೆ ಸಾಮಾನು ಸಾಗಿಸಲು 1938ರಲ್ಲಷ್ಟೇ ಮುಗಿದಿದ್ದ ಅಲ್ಲಿನ ರೈಲುಮಾರ್ಗವನ್ನು ನಡೆಸಬೇಕಾಯಿತು. ಇನ್ನೂರಕ್ಕೂ ಹೆಚ್ಚು ಸುರಂಗಗಳು. ಅಲ್ಲಿಗೆ ಹೋದ ಬ್ರಿಟಿಷ್ ‘8 ಎಫ್’ ಎಂಜಿನ್‌ಗಳನ್ನು ಕಲ್ಲಿದ್ದಲಿನಿಂದ ಎಣ್ಣೆಗೆ ಬದಲಿಸಿದರು.

ಎಣ್ಣೆ ಎಂದರೆ ಸಲಿಕೆಯಿಲ್ಲ, ಸುಖ ಎಂದುಕೊಳ್ಳಬೇಡಿ. ಎಣ್ಣೆಯನ್ನು ಹಬೆಯಿಂದ ತುಂತುರಾಗಿ ಸೀಳಿ ಉರಿಸುತ್ತಾರೆ. ಡ್ರೈವರ್ ರೆಗ್ಯುಲೇಟರ್ ಮುಟ್ಟಿದಾಗಲೆಲ್ಲ ಫೈರ್‌ಮನ್ ಎಣ್ಣೆಯ ವಾಲ್ವ್ ಮುಟ್ಟಬೇಕು. ಡ್ರೈವರ್ ಹೇಳದೆ ರೆಗ್ಯುಲೇಟರ್ ಮುಚ್ಚಿದರೆ ಕಪ್ಪು ಹೊಗೆ ಕವಿಯುತ್ತದೆ, ಇಲ್ಲವೇ ಬೆಂಕಿ ಆರುತ್ತದೆ. ಆರಿದಾಗ ಒಳಗಿನ ಇಟ್ಟಿಗೆ ಕಾದಿದೆಯಲ್ಲ, ಎಣ್ಣೆ ಬಿಟ್ಟರೆ ತಾನೇ ಹತ್ತಿಕೊಳ್ಳುತ್ತದೆ ಎಂದು ಬಿಟ್ಟರೆ ಆವಿ ತುಂಬಿ ಒಮ್ಮೆಲೇ ಹತ್ತಿ ಬಾಗಿಲಿನಿಂದ ಜ್ವಾಲೆ ಹೊರಗೆ ಚಿಮ್ಮುತ್ತದೆ. ಎಣ್ಣೆಬಟ್ಟೆಯ ಉಂಡೆ ಹೊತ್ತಿಸಿ ಒಳಗೆ ಹಾಕಿ, ಆಮೇಲೆಯೇ ಎಣ್ಣೆ ಬಿಡಬೇಕು. ಟ್ಯೂಬುಗಳಿಗೆ ಮಸಿ ಕಟ್ಟಿದರೆ ಎಂಜಿನ್ ಜೋರಾಗಿ ಎಳೆಯುತ್ತಿರುವಾಗ ಒಂದು ಹಿಡಿ ಮರಳನ್ನು ಬಾಗಿಲ ಕಿಂಡಿಯಿಂದ ಬಿಟ್ಟರೆ ಸೆಳೆತಕ್ಕೆ ಹಾರಿ ಮಸಿ ಉಜ್ಜಿಕೊಂಡು ಚಿಮಣಿಯಿಂದ ಹೋಗುತ್ತದೆ.

ಅಜ್ಜ ಎಂಎಸ್ಎಂ (ಮದ್ರಾಸ್ ಅಂಡ್ ಸದರ್ನ್ ಮರಾಠಾ) ರೈಲ್ವೆಯಲ್ಲಿದ್ದು ಯುದ್ಧಕ್ಕೆ ಹೋಗಿದ್ದರಂತೆ. ಮನೆಯಲ್ಲಿ ಎರಡು ಪದಕ ಬಿಟ್ಟರೆ ಏನೂ ಇಲ್ಲ. ಹೇಗೆ ಪತ್ತೆ ಮಾಡುವುದು? – ಬಾಗಲಕೋಟೆ

ಮೊದಲು: ಪದಕಗಳನ್ನು ಬ್ರಾಸೋ ಹಾಕಿ ಉಜ್ಜಬೇಡಿ. ಭಾರತೀಯ ಸೈನಿಕರಿಗೆ ಕೊಟ್ಟ ಆ ಯುದ್ಧದ ಪದಕಗಳಲ್ಲಿ ದುಂಡನೆಯವಕ್ಕೆ ಅಂಚಿನಲ್ಲಿ, ನಕ್ಷತ್ರದ ಆಕಾರದವಕ್ಕೆ ಹಿಂಬದಿಯಲ್ಲಿ, ನಂಬರು, ಹುದ್ದೆ, ಹೆಸರು, ಘಟಕ ಕೆತ್ತಿರುತ್ತಾರೆ. ಉಜ್ಜಿದಷ್ಟೂ ಅಕ್ಷರ ಸವೆಯುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ಓದಿ, ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಿ. ಕೊನೆಯಲ್ಲಿ ‘ಐ.ಇ.’ ಎಂದಿದ್ದರೆ ಇಂಡಿಯನ್ ಎಂಜಿನಿಯರ್ಸ್, ಅಂದರೆ ಭಾರತೀಯ ಸೈನ್ಯದ ಎಂಜಿನಿಯರ್ ಪಡೆ. ಹೆಸರಿಗಿಂತ ನಂಬರು ಮುಖ್ಯ, ಅದಿಲ್ಲದೆ ಸೈನ್ಯದ ದಾಖಲೆ ಕೇಳಿ ಹಾಕಿದ ಅರ್ಜಿ ಮುಂದೆ ಸಾಗುವುದು ಕಷ್ಟ.

ರೈಲ್ವೆ ಕಡೆಯಿಂದ ಬೇಕಾದ್ದು ಪೆನ್ಷನ್ ಅಥವಾ ಪ್ರಾವಿಡೆಂಟ್ ಫಂಡ್ ಕಾಗದ. ಅಜ್ಜಿಗೆ ಕುಟುಂಬ ಪೆನ್ಷನ್ ಬರುತ್ತಿದ್ದರೆ ಅದರ ಆದೇಶದಲ್ಲಿ ಸೇವೆಯ ವಿವರ ಸಿಗುತ್ತದೆ. ಯುದ್ಧಕ್ಕೆ ಹೋದ ಅವಧಿಯನ್ನು ಸರ್ವಿಸ್‌ಗೆ ಸೇರಿಸಿದ್ದರೆ ಅದೂ ಅಲ್ಲೇ ಕಾಣುತ್ತದೆ. ಅವರು ಯುದ್ಧದಲ್ಲಿ ತೀರಿಕೊಂಡಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹುಡುಕಿ, ಹಣ ಕೊಡಬೇಕಿಲ್ಲ. ಹೆಸರನ್ನು ನಾಲ್ಕೈದು ಥರದ ಸ್ಪೆಲ್ಲಿಂಗ್‌ನಲ್ಲಿ ಹಾಕಿ ನೋಡಿ. ಊರ ಹೆಸರು ಮುಂದೆ ಬರುವ ನಮ್ಮ ಪದ್ಧತಿ ಅಂದಿನ ಗುಮಾಸ್ತರಿಗೆ ಅರ್ಥವಾಗದೆ, ಊರೇ ಹೆಸರಾಗಿ ಕೂತಿರಬಹುದು.

ಮನೆಯಲ್ಲಿ ಪದಕವಿಲ್ಲ, ಎಂಜಿನ್ ಮೇಲೆ ಮಾತ್ರ ದುಡಿದರು ಎಂದು ಇನ್ನಿಬ್ಬರು ಬರೆದಿದ್ದಾರೆ. ಪದಕ ಇಲ್ಲದಿರುವುದೇ ಸಹಜ. ಬ್ರಿಟನ್ನಿನಲ್ಲೂ ಬರೀ ರೈಲು ಓಡಿಸಿದ್ದಕ್ಕೆ ಯುದ್ಧ ಪದಕ ಸಿಗಲಿಲ್ಲ. ಡ್ಯೂಟಿ ಮುಗಿಸಿ ಹೋಂ ಗಾರ್ಡ್ ಎಂಬ ಸ್ವಯಂಸೇವಕ ಕಾವಲು ಪಡೆಯಲ್ಲಿ ಮೂರು ವರ್ಷ ದುಡಿದವರಿಗೆ ಡಿಫೆನ್ಸ್ ಮೆಡಲ್ ಬಂತು.

ನಮ್ಮ ದೇಶದಲ್ಲಿ ಯುದ್ಧದಲ್ಲಿ ಸತ್ತ ರೈಲಿನವರ ಸ್ಮಾರಕ ಇದೆಯೇ? – ಹಾಸನ

ರಾಜಸ್ಥಾನದ ಗಡಿಯ ಗಡರಾ ರೋಡ್‌ನಲ್ಲಿ ಇದೆ. 1965ರ ಸೆಪ್ಟೆಂಬರ್ 9ರಂದು, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಬಾಡಮೇರ್–ಮುನಾಬಾವ್ ಮಾರ್ಗದಲ್ಲಿ 17 ರೈಲ್ವೆ ನೌಕರರು ಸತ್ತರು. ಪ್ರತಿವರ್ಷ ಅದೇ ದಿನ ರೈಲ್ವೆಯವರು ಅಲ್ಲಿ ಸೇರುತ್ತಾರೆ.

ಎಂಜಿನ್ ಮೇಲೆ ಊಟ ಹೇಗೆ? ಸಲಿಕೆಯಲ್ಲೇ ಮೊಟ್ಟೆ ಹುರಿಯುತ್ತಿದ್ದರು ಎಂಬುದು ನಿಜವೇ? – ಗದಗ

ನಿಜ. ಸಲಿಕೆಯನ್ನು ಬಿಸಿನೀರಿನ ಪೈಪಿನಿಂದ ಚೆನ್ನಾಗಿ ತೊಳೆದು, ಒಂದು ಕ್ಷಣ ಬೆಂಕಿಗೆ ಹಿಡಿದು ಒಣಗಿಸಿ, ಮೊದಲು ಹಂದಿಮಾಂಸದ ಚೂರು, ಅದು ಬಿಟ್ಟ ಜಿಡ್ಡಿನಲ್ಲೇ ಮೊಟ್ಟೆ. ಬಾಗಿಲೊಳಗೆ ಪೂರ್ತಿ ತಳ್ಳಬಾರದು, ಹೊಸಿಲ ಮೇಲೆ ಇಟ್ಟು ಹಿಡಿದಿರಬೇಕು. ಆ ಹೊತ್ತಿನಲ್ಲಿ ಡ್ರೈವರ್ ರೆಗ್ಯುಲೇಟರ್ ಎಳೆದರೆ ಸೆಳೆತಕ್ಕೆ ಮೊಟ್ಟೆ ಬಾಯ್ಲರ್ ಟ್ಯೂಬ್ ಸೇರುತ್ತದೆ, ಆದ್ದರಿಂದ ಗಾಡಿ ನಿಂತಾಗಲೇ ಅಡುಗೆ. ಆದರೆ ರೇಷನ್ ಕಾಲದಲ್ಲಿ ಮೊಟ್ಟೆ ವಾರಕ್ಕೊಂದು ಸಿಕ್ಕರೆ ಪುಣ್ಯ. ಕ್ಯಾಂಟೀನ್ ಸಿಗದ ಗಾಡಿ ಸಿಬ್ಬಂದಿಗೆ ಚೀಸ್ ಮಾತ್ರ ಉಳಿದವರಿಗಿಂತ ಹೆಚ್ಚು ಕೊಡುತ್ತಿದ್ದರು. ಹಾಗಾಗಿ ಬಹುತೇಕ ದಿನ ಬ್ರೆಡ್ಡು, ಚೀಸು, ಮತ್ತು ಬಾಗಿಲ ಮೇಲಿನ ತಟ್ಟೆಯಲ್ಲಿ ಇಡೀ ದಿನ ಕುದಿದು ಕಹಿಯಾದ ಚಹಾ.